ಭಾವ ಸ್ವಚ್ಛ ಮಾಡಿದ ಹಾಡು

ಡಬ್ಬಿಯ ಮೈಯೆಲ್ಲ ಉರಿಯುತ್ತಿತ್ತು. ಡಬ್ಬಿ ಅಂದರೆ ಅವಳ ಅಡ್ಡಹೆಸರು. ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಹುಡುಗಿ. ರಜೆ ಸಿಕ್ಕರೆ ಸಾಕು, ಕನಸಿನ ಮಂಪರಿನಂಥ ಸಂಗೀತದ ಒಂದು ಸೈಕೆಡೆಲಿಕ್ ಬ್ಯಾಂಡು ಎಲ್ಲಿ ನುಡಿಸಿದರೂ ರೆಕಾರ್ಡರಿನ ಡಬ್ಬಿಯನ್ನು ಹೆಗಲಿಗೆ ತಗುಲಿಸಿಕೊಂಡು ಹಾಜರು.

ಆ ಬ್ಯಾಂಡಿನ ಹಾಡು ಶುರುವಿನಲ್ಲಿ ಎಲ್ಲ ಹಾಡುಗಳ ಹಾಗೇ ಇರುತ್ತದೆ. ನಡುವೆ ಎಲ್ಲೋ ಗಿಟಾರಿನವನು ಕಣ್ಣು ಮುಚ್ಚುತ್ತಾನೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತೇವೆಂದು ಅವರಿಗೇ ಗೊತ್ತಿರುವುದಿಲ್ಲ. ಹಿಂದಿನ ಗೋಡೆಯ ಮೇಲೆ ಬಣ್ಣದ ಬೆಳಕು ಎಣ್ಣೆಯಂತೆ ಹರಿದು, ನೀಲಿಯನ್ನು ನೇರಳೆ ನುಂಗಿ, ನೇರಳೆಯ ಹೊಟ್ಟೆಯಿಂದ ಕಿತ್ತಳೆ ಹೊರಬರುವಷ್ಟು ಹೊತ್ತೂ ನುಡಿಸುತ್ತಲೇ ಇರುತ್ತಾರೆ. ಒಂದು ಹಾಡನ್ನು ಎರಡು ಸಲ ಒಂದೇ ಥರ ನುಡಿಸಿದವರಲ್ಲ. ಅದಕ್ಕೇ ಅಭಿಮಾನಿಗಳ ನಡುವೆ ಒಂದು ಕಟ್ಟಳೆ: ಯಾರು ಬೇಕಾದರೂ ರೆಕಾರ್ಡ್ ಮಾಡಿಕೊಳ್ಳಬಹುದು, ಕೇಳಿದವರಿಗೆ ಪ್ರತಿ ಕೊಡಬೇಕು, ಕತ್ತರಿ ಮಾತ್ರ ಹಾಕಕೂಡದು. ಯಾರೋ ಕೆಮ್ಮಿದರೆ ಕೆಮ್ಮೂ ಇರಬೇಕು, ತಂತಿ ಹರಿದರೆ ಹರಿದ ಸದ್ದೂ ಇರಬೇಕು.

ಅಂಥದ್ದರಲ್ಲಿ, ರೆಕಾರ್ಡರಿನ ಬಟನ್ ಸಡಿಲವಾಗಿದೆ, ಸ್ವಲ್ಪ ನೋಡಿ ಎಂದು ಅವಳು ಅದನ್ನು ಭಾವನ ಕೈಗೆ ಕೊಟ್ಟಿದ್ದಳು. ಹಿಂದಿನ ವಾರ ಹಳೆಯ ಗೋದಾಮೊಂದರಲ್ಲಿ ಬ್ಯಾಂಡು ನುಡಿಸಿದ ಹಾಡು ಅದರೊಳಗೇ ಇತ್ತು. ಅಕ್ಕನ ಗಂಡ ರೇಡಿಯೋದಲ್ಲಿ ಧ್ವನಿ ಸಂಕಲನ ಮಾಡುವವನು. ಬಟನ್ ಸರಿಹೋಯಿತು.

"ಹಾಡನ್ನೂ ಸ್ವಚ್ಛ ಮಾಡಿದೀನಿ, ಕೇಳು ಮರಿ," ಅಂದ ಭಾವ, ಬಹುಮಾನ ಕೊಡುವವನ ಹಾಗೆ. "ನಡುವೆ ಬರೀ ತಡಕಾಟ. ಗಿಟಾರ್ ಒಂದು ದಿಕ್ಕು, ಡ್ರಮ್ ಒಂದು ದಿಕ್ಕು. ಅಷ್ಟೂ ಎತ್ತಿಬಿಟ್ಟೆ. ಜೋಡಿಸಿದ್ದೆಲ್ಲಿ ಅಂತ ಹುಡುಕಿದ್ರೂ ಸಿಗಲ್ಲ."

"ಎತ್ತಿದ್ದು ಎಲ್ಲಿದೆ ಭಾವ?"

"ಅಳಿಸಿದೆ. ಅದನ್ನ ಇಟ್ಕೊಂಡು ಏನ್ಮಾಡ್ತೀಯ?"

"ಅವತ್ತು ರೆಕಾರ್ಡ್ ಮಾಡಿದವಳು ನಾನೊಬ್ಳೇ."

"ಅದಕ್ಕೇ ನಿನ್ನ ಹೆಸರಲ್ಲೇ ನಿಮ್ಮ ಗುಂಪಿಗೆಲ್ಲ ಕಳಿಸಿದೀನಿ. ಎಲ್ಲರೂ ಹೊಗಳ್ತಿದಾರೆ."

ಬಟ್ಟೆ ಮಡಚುತ್ತಿದ್ದ ಅಕ್ಕ ತಲೆಯೆತ್ತದೆ, "ಬಿಡೇ, ನಮ್ಮ ಮದುವೆ ವಿಡಿಯೋದಲ್ಲಿ ಇವರು ಅಮ್ಮನ್ನೇ ಎತ್ತಿಬಿಟ್ಟಿದ್ರು. ಅಳೋದು ಜಾಸ್ತಿ ಆಯ್ತಂತೆ," ಅಂದಳು.

ಡಬ್ಬಿಗೆ ನಗು ಬರಲಿಲ್ಲ. ಅವಳು ಅಜ್ಜಿಯ ಕಥೆ ಕೇಳಿ ಬೆಳೆದವಳು. ಅಜ್ಜಿ ರಾಜಕುಮಾರನನ್ನು ಕಾಡಿಗೆ ಕಳಿಸಿ, ಅಲ್ಲೇ ಅವನನ್ನು ಮರೆತು, ಯಾವುದೋ ಮುಂಗುಸಿಯ ಸಂಸಾರದ ಹಿಂದೆ ಹೊರಟುಬಿಡುತ್ತಿದ್ದಳು. ಅವನಿಗೆ ದಾರಿ ಸಿಗುತ್ತದೋ ಇಲ್ಲವೋ ಎಂದು ಮೊಮ್ಮಕ್ಕಳು ಹೊದಿಕೆಯ ಅಂಚು ಕಚ್ಚಿಕೊಂಡು ಕಾಯುತ್ತಿದ್ದವು. ಅವತ್ತು ಬ್ಯಾಂಡಿನವರೂ ಹಾಗೇ ಕಳೆದುಹೋಗಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತ, ಬೆವರುತ್ತ, ಸಿಕ್ಕಸಿಕ್ಕಲ್ಲಿ ಕೈಚಾಚಿದ್ದರು. ಹಾಡು ಮರಳಿ ಸಿಕ್ಕಾಗ ಆ ಹಳೆಯ ಗೋದಾಮಿನಲ್ಲಿ ಗುರುತಿಲ್ಲದವರು ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡಿದ್ದರು. ಭಾವನ ಪ್ರತಿಯಲ್ಲಿ ಯಾರೂ ಕಳೆದುಹೋಗಿಯೇ ಇಲ್ಲ. ಸಿಗುವುದಾದರೂ ಯಾರು?

ಮುಂದಿನ ಭಾನುವಾರ ಮಧ್ಯಾಹ್ನ ಗೋದಾಮಿನ ಬಾಗಿಲು ಜನರಿಗೆ ತೆರೆಯುವ ಮೊದಲೇ ಅವಳು ಒಳಗೆ ನುಗ್ಗಿದಳು. ಬ್ಯಾಂಡಿನವರಿಗಾದರೂ ನಿಜ ತಿಳಿಯಲಿ, ಆ ದಾರಿಯನ್ನು ಅವರಾದರೂ ಮತ್ತೆ ಹುಡುಕಲಿ ಎಂಬುದೊಂದೇ ಅವಳ ಆಸೆ. ಬೇಸ್ ಗಿಟಾರ್ ನುಡಿಸುವವನು ವೈರು ಜೋಡಿಸುತ್ತಿದ್ದ. ದುಂಡು ಕನ್ನಡಕದಿಂದಾಗಿ ಅವನಿಗೆ ಗೂಬೆ ಎಂದೇ ಹೆಸರು.

"ಗುಂಪಿಗೆ ಬಂದಿದ್ದು ಕತ್ತರಿಸಿದ ಹಾಡು. ನಾನಲ್ಲ, ನಮ್ಮ ಭಾವ ಕತ್ತರಿಸಿದ್ದು," ಅಂದಳು.

ಗೂಬೆಯ ಮುಖ ಅರಳಿತು. "ನಿಮ್ಮ ಭಾವನ ಕೈಗೆ ಚಿನ್ನದ ಕಡಗ ತೊಡಿಸಬೇಕು ಕಣಮ್ಮಾ. ಅವತ್ತು ಮಾನ ಹೋಗಿತ್ತು. ಈಗ ನಾವೂ ಅದನ್ನೇ ಕೇಳಿ ಕಲ್ತಿದೀವಿ."

"ನಿಮ್ಮ ಹಾಡನ್ನ ನಮ್ಮ ಭಾವನ ಹತ್ರ ಕಲಿತ್ರಾ?"

"ನಮ್ಮ ಹಾಡು ತಾನೇ. ಹೇಗೆ ಬೇಕಾದ್ರೂ ನುಡಿಸ್ತೀವಿ."

"ಹಾಡು ನಿಮ್ದು. ಅವತ್ತಿನ ದಿನ ನಿಮ್ಮೊಬ್ಬರದಲ್ಲ. ನಾವೂ ನಿಂತಿದ್ವಿ."

ಗೂಬೆ ನಕ್ಕು ವೈರಿನ ಕಡೆ ತಿರುಗಿದ.

ಗೋದಾಮು ತುಂಬಿತು. ಮೂರನೆಯದಾಗಿ ಆ ಹಾಡು ಬಂತು. ಗಿಟಾರಿನವನು ಕಣ್ಣು ಮುಚ್ಚುವ ಜಾಗ ಬಂತು, ಅವನು ಮುಚ್ಚಲಿಲ್ಲ. ಭಾವ ಎಲ್ಲಿ ಕತ್ತರಿಸಿದ್ದನೋ ಸರಿಯಾಗಿ ಅಲ್ಲಿಂದ, ಅವನು ಎಲ್ಲಿ ಜೋಡಿಸಿದ್ದನೋ ಅಲ್ಲಿಗೆ, ಎಲ್ಲರೂ ಒಟ್ಟಿಗೆ ಹಾರಿದರು. ಜನ ಚಪ್ಪಾಳೆ ತಟ್ಟಿದರು. ಗೋಡೆಯ ಮೇಲಿನ ನೀಲಿಗೆ ನೇರಳೆಯಾಗಲೂ ಪುರುಸೊತ್ತು ಸಿಗಲಿಲ್ಲ.

ಇಷ್ಟು ವರ್ಷ ಒಂದು ಕೆಮ್ಮನ್ನೂ ಬಿಡದೆ ಹಿಡಿದಿಟ್ಟವಳು ನಡುಹಾಡಿನಲ್ಲೇ ರೆಕಾರ್ಡರ್ ನಿಲ್ಲಿಸಿದಳು. ತನ್ನ ಮೈಕಿನ ಕಂಬ ಮಡಚುವ ಕಟಕಟ ಸದ್ದಿಗೆ ಅಕ್ಕಪಕ್ಕದವರು ಹುಬ್ಬು ಗಂಟಿಕ್ಕಿದರು. ಗಂಟಿಕ್ಕಲಿ.

ಕಾರ್ಯಕ್ರಮ ಮುಗಿಯುತ್ತಲೇ ಮಾಮೂಲಿನಂತೆ ಅಭಿಮಾನಿಗಳು ಅವಳನ್ನು ಸುತ್ತ ಮುತ್ತಿಕೊಂಡರು.

"ಡಬ್ಬಿ, ಇವತ್ತಿನ ಪ್ರತಿ ಯಾವಾಗ ಕೊಡ್ತೀಯ?"

"ಇವತ್ತಿನದು ಇಲ್ಲ. ಎಲ್ಲರ ಹತ್ರಾನೂ ಆಗ್ಲೇ ಇದೆಯಲ್ಲ, ಭಾವನದ್ದು. ಅದನ್ನೇ ಕೇಳಿ, ಇವತ್ತೂ ಅದೇ ನುಡಿಸಿದ್ದು."

ವೇದಿಕೆಯ ಅಂಚಿನಲ್ಲಿ ವೈರು ಸುತ್ತುತ್ತಿದ್ದ ಗೂಬೆಯ ಕೈ ನಿಂತಿತು. "ಇಷ್ಟು ಸಿಟ್ಟಾ? ಮುಂದಿನ ವಾರ ಬರಲ್ವಾ ಹಾಗಾದ್ರೆ?"

"ದಾರಿ ತಪ್ಪೋ ಧೈರ್ಯ ಬಂದಾಗ ಹೇಳಿ ಕಳ್ಸಿ, ಬರ್ತೀನಿ," ಅಂದಳು ಡಬ್ಬಿ. ಕಂಬವನ್ನು ಬಗಲಿಗೆ ಸಿಕ್ಕಿಸಿಕೊಂಡು, ಜನರನ್ನು ಮೊಣಕೈಯಿಂದ ಸರಿಸುತ್ತ ಹೊರಗಿನ ಬಿಸಿಲಿಗೆ ನಡೆದಳು.