ಫೋಟೋರಾಯನ ಬೈತಲೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕತ್ತರಿ ಹಿಡಿಯೋರಿಗೆ ಅದು ಒಳ್ಳೇದಲ್ಲ ಅಂತ ಹೆಂಡತಿ ದಿನಾ ಹೇಳ್ತಾಳೆ.

ನಮ್ಮ ಕಟಿಂಗ್ ಅಂಗಡಿಗೆ ಫೋಟೋರಾಯ ಮೊದಲು ಬಂದಾಗ ಅವನಿಗೆ ಹದಿನೆಂಟು. ಆ ಹೆಸರಿಟ್ಟವನು ನಾನೇ. ಶುರುವಿಗೆ ಒಂದು ಫೋಟೋ, ಅರ್ಧದಲ್ಲಿ ಒಂದು, ಮುಗಿದ ಮೇಲೆ ಹತ್ತು. ಅಲ್ಲೇ ಕೂತು ಎಲ್ಲಾ ಅಪ್‌ಲೋಡ್ ಮಾಡಿ ಲೈಕ್ ಎಣಿಸ್ತಿದ್ದ. ಐವತ್ತು ದಾಟದಿದ್ದರೆ, "ಅಣ್ಣಾ, ಪಕ್ಕದಲ್ಲಿ ಇನ್ನೊಂಚೂರು ತೆಗಿ" ಅಂತ ಜೀವ ತಿನ್ನೋನು.

ಇಪ್ಪತ್ತೆರಡಾಗೋ ಹೊತ್ತಿಗೆ ಬರೀ ಸ್ಟೇಟಸ್. ಇವತ್ತು ಹಾಕಿದ್ದು ನಾಳೆ ಮಾಯ. ಆಮೇಲೆ ಅದೂ ನಿಂತು, ಫೋನ್ ಜೇಬಲ್ಲಿಟ್ಟು ಕುರ್ಚಿಯಲ್ಲೇ ಗೊರಕೆ ಹೊಡೆಯೋಕೆ ಶುರು ಮಾಡಿದ. ಅಷ್ಟರಲ್ಲಿ ಅವನ ಹುಚ್ಚು ನನಗೆ ಹತ್ತಿತ್ತು. ಅಂಗಡಿ ಹೆಸರಲ್ಲಿ ಒಂದು ಪೇಜ್ ತೆರೆದಿದ್ದೆ.

ಮೊನ್ನೆ ಬಂದ. "ನಾಳೆ ಮದುವೆ ಅಣ್ಣಾ. ಇದೇ ಕಟಿಂಗ್ ಬೇಕು" ಅಂತ ನಾಲ್ಕು ವರ್ಷದ ಹಿಂದಿನ ಸೆಲ್ಫಿ ತೋರಿಸಿದ. ಎಂಟು ವರ್ಷ ಆ ತಲೆ ಮೇಲೆ ಕೈಯಾಡಿಸಿದವನು ನಾನು. ಮದುಮಗನ ಫೋಟೋ ನಮ್ಮ ಪೇಜಲ್ಲಿ ಹಾಕ್ತೀನಿ ಕಣೋ ಅಂದೆ.

"ಬೇಡ ಅಣ್ಣಾ. ಈಗ ಅದೆಲ್ಲಾ ಬಿಟ್ಟಿದ್ದೀನಿ."

ಮೈಯೆಲ್ಲಾ ಉರಿದುಹೋಯ್ತು. ನನ್ನ ಕೆಲಸ ತೋರಿಸ್ಕೊಳ್ಳೋಕೆ ಇವನಿಗೆ ನಾಚಿಕೆಯಾ? ಮುಖ ಊದಿಸ್ಕೊಂಡು, ಬರೀ ಆ ಸೆಲ್ಫಿ ನೋಡ್ಕೊಂಡೇ ಕತ್ತರಿ ಆಡಿಸಿದೆ. ಮುಗಿಸಿ ನೋಡ್ತೀನಿ, ಎಡಗಡೆ ಇರಬೇಕಾದ ಬೈತಲೆ ಬಲಗಡೆ! ಅವನ ಫೋನ್ ಸೆಲ್ಫಿಯನ್ನ ಕನ್ನಡಿ ಥರ ಎಡಬಲ ತಿರುಗಿಸುತ್ತೆ ಅನ್ನೋದು ಮರೆತೇಹೋಗಿತ್ತು. ಕಣ್ಣು ಮುಚ್ಚಿ ಅವನ ಸುಳಿ ತೋರಿಸಬಲ್ಲ ನಾನು, ಮದುವೆ ಹಿಂದಿನ ದಿನ ಇಂಥಾ ಎಡವಟ್ಟು ಮಾಡೋದಾ? ಕತ್ತರಿಸಿದ ಕೂದಲು ವಾಪಸ್ ಅಂಟಿಸೋಕಾಗುತ್ತಾ?

ಅವನು ಕನ್ನಡಿ ನೋಡಿದ. ಹದಿನೆಂಟರಲ್ಲಾಗಿದ್ರೆ ರಂಪ ಮಾಡಿಬಿಡೋನು. ಈಗ ಬಿದ್ದು ಬಿದ್ದು ನಕ್ಕ. "ಇರ್ಲಿ ಬಿಡಣ್ಣಾ. ಮಂಟಪದಲ್ಲಿ ಅವಳಿಗೆ ನಗೋಕೊಂದು ಕಾರಣ ಸಿಕ್ತು."

ಆಮೇಲೆ ನನ್ನ ಹೆಗಲಿಗೆ ಕೈಹಾಕಿ, ಹತ್ತಿರ ಎಳ್ಕೊಂಡು, ಒಂದು ಸೆಲ್ಫಿ ತೆಗೆದ.

"ಬಿಟ್ಟಿದ್ದೀನಿ ಅಂದ್ಯಲ್ಲೋ?"

"ಹಾಕೋಕಲ್ಲ, ನಿನಗೆ ಕಳಿಸೋಕೆ. ನಿನ್ನೆ ಹಳೇ ಫೋಟೋ ಎಲ್ಲಾ ಜಾಲಾಡಿದೆ. ಎಲ್ಲದರಲ್ಲೂ ಬರೀ ನಿನ್ನ ಬೆರಳು. ಒಂದರಲ್ಲೂ ನೀನಿಲ್ಲ ಅಣ್ಣಾ."

ಬಟ್ಟೆ ಕೊಡವೋ ನೆಪದಲ್ಲಿ ಆ ಕಡೆ ತಿರುಗಿದೆ.

ಸಂಜೆ ಹೆಂಡತಿಗೆ ಫೋಟೋ ತೋರಿಸಿ, ತಪ್ಪೊಪ್ಪಿಕೊಂಡೆ. ಅವಳು ದಿಟ್ಟಿಸಿ ನೋಡಿ, "ಬೈತಲೆ ಸರಿಯಾಗೇ ಇದೆಯಲ್ರೀ, ಎಡಗಡೆಗೇ" ಅಂದಳು. ಹೌದಲ್ಲ, ಇದೂ ಸೆಲ್ಫಿ! ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

"ಪೇಜಿಗೆ ಹಾಕಲ್ವಾ?"

"ಇಲ್ಲ ಕಣೇ," ಅಂದೆ. "ಇದು ನಂದು."