ಮೂಡಣ ಕಾವಲು

ಈಗ ಏಳಬೇಕು ಅಂದುಕೊಂಡ ಓತ್ಸಿಲೆ. ಕಾಲು ಏಳಲಿಲ್ಲ.

ಶಾಸನಸಭೆಯ ಕಾರ್ಯದರ್ಶಿ ಮಸೂದೆಯ ಕಲಮುಗಳನ್ನು ಓದುತ್ತಿದ್ದ. ಲೆಟ್ಲಾಪೆಂಗ್ ಊರಿನ ದನ ಮೇಯುವ ಮೂಡಣ ಕಾವಲು, ಅದರೊಳಗಿನ ಬಾವಿಗಳ ಸಮೇತ, ಇನ್ನು ಮುಂದೆ ಸರ್ಕಾರದ್ದು. ಕೊಳವೆಬಾವಿ ಕೊರೆಸುವ ಶಕ್ತಿಯುಳ್ಳವರಿಗೆ ಅದನ್ನು ಗೇಣಿಗೆ ಕೊಡತಕ್ಕದ್ದು. ಸತ್ತ ದನದ ಬಣ್ಣ ಹೇಳುವವನ ಹಾಗೆ ಓದುತ್ತಿದ್ದ, ಏರಿಳಿತವಿಲ್ಲದೆ.

ಲೆಟ್ಲಾಪೆಂಗ್ ಓತ್ಸಿಲೆಯ ಊರು. ಅಲ್ಲಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದವನನ್ನು ಊರಿನವರೇ ಗೆಲ್ಲಿಸಿ ಇಲ್ಲಿಗೆ ಕಳಿಸಿದ್ದು. ಬರುವ ಸೆಪ್ಟೆಂಬರಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ. ಬ್ರಿಟಿಷರು ಗಂಟುಮೂಟೆ ಕಟ್ಟುವುದರೊಳಗೆ ಕಾನೂನುಗಳೆಲ್ಲ ಸಿದ್ಧವಾಗಬೇಕೆಂದು ರಾಜಧಾನಿ ಗಾಬೆರೋನ್ಸಿನ ಈ ಹೊಸ ಕಟ್ಟಡದಲ್ಲಿ, ಸುಣ್ಣದ ವಾಸನೆ ಆರುವ ಮೊದಲೇ, ಮಸೂದೆಯ ಮೇಲೆ ಮಸೂದೆ ಪಾಸಾಗುತ್ತಿತ್ತು.

ಎಂಬತ್ತು ವರ್ಷ ಆಳಿದ ಬಿಳಿಯರು ಈ ಕಾವಲನ್ನು ಮುಟ್ಟಿರಲಿಲ್ಲ. ಮುಟ್ಟುವುದಕ್ಕೆ ನಮ್ಮ ಸ್ವಾತಂತ್ರ್ಯವೇ ಬರಬೇಕಾಯಿತು. ಈ ವಾಕ್ಯವನ್ನು ಅವನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಇಂಗ್ಲಿಷಿನಲ್ಲಿ ಅದು ಕಿವಿಗೆ ಬಹಳ ಇಂಪಾಗಿತ್ತು. ಅಷ್ಟು ಇಂಪಾಗಿದೆಯೆನ್ನುವುದೇ ಈಗ ಅಸಹ್ಯವೆನ್ನಿಸಿತು.

ಹಿಂದೆ, ಕಟಕಟೆಯಾಚೆಯ ಬೆಂಚಿನಲ್ಲಿ ಊರಿನ ಮೂವರು ಹಿರಿಯರು ಟೋಪಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಡುವಿನವನು ಟೀರೋ ಮಾವ, ಓತ್ಸಿಲೆಯ ತಾಯಿಯ ತಮ್ಮ. ಅವನಿಲ್ಲದೆ ಅವರ ಮನೆಯಲ್ಲಿ ಮದುವೆಯೂ ಇಲ್ಲ, ಮಣ್ಣೂ ಇಲ್ಲ. ಇಂಗ್ಲಿಷಿನ ಒಂದಕ್ಷರ ತಿಳಿಯದಿದ್ದರೂ ಊರಿನ ಹೆಸರು ಕಿವಿಗೆ ಬಿದ್ದಾಗ ಮೂವರೂ ಮುಂದಕ್ಕೆ ಬಾಗಿದರು.

ಹೋದ ತಿಂಗಳು ಊರಿನ ಖೋಟ್ಲಾದಲ್ಲಿ, ಒಡೆಯನೆದುರು ಎಲ್ಲರೂ ಕೂತು ಮಾತಾಡುವ ಬಯಲಿನಲ್ಲಿ, ಓತ್ಸಿಲೆ ಮಾತು ಕೊಟ್ಟಿದ್ದ. ಇಂಥ ಕಾನೂನು ಬಂದರೆ ಸಭೆಯ ನಡುವೆ ಎದ್ದು ನಿಂತು ಬೇಡ ಅನ್ನುತ್ತೇನೆ ಎಂದಿದ್ದ. ಆ ಬಾವಿಗಳನ್ನು ತಾತಂದಿರು ತೋಡಿದ್ದು, ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರು ಹೊಯ್ದು ಸೀಳಿ. ಒಂದರಲ್ಲಿ ಟೀರೋ ಮಾವನ ತಂದೆ ಮಣ್ಣು ಕುಸಿದು ಹೂತುಹೋಗಿದ್ದ. ಹೆಣ ತೆಗೆಯಲಾಗದೆ ಪಕ್ಕದಲ್ಲೇ ಇನ್ನೊಂದು ತೋಡಿದ್ದರು. ಕಾವಲು ಹೋದರೆ ಊರಿನ ದನಕ್ಕೆ ಬೇರೆ ನೀರಿಲ್ಲ. ದನವಿಲ್ಲದಿದ್ದರೆ ಅದು ಊರೇ ಅಲ್ಲ.

ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ಮೊಕೊಟೇಡಿ ಇವನ ಹೆಗಲ ಮೇಲೆ ಕೈ ಹಾಕಿದ್ದ. ಆಳುವ ಪಕ್ಷದ ಸಚೇತಕ. ತನ್ನ ಪಕ್ಷದವರ ಬಾಯಿ ಕಾಯುವುದು ಅವನ ಕೆಲಸ. ಓತ್ಸಿಲೆಯೂ ಅದೇ ಪಕ್ಷದವನು. ಮೊಕೊಟೇಡಿ ಮೊದಲು ಹೆಂಡತಿ ಮಕ್ಕಳ ಯೋಗಕ್ಷೇಮ ಕೇಳಿದ. ಆಮೇಲೆ ಬಿಸ್ಕತ್ತಿನ ತಟ್ಟೆ ಮುಂದೆ ಹಿಡಿದ.

"ಮೇಷ್ಟ್ರೇ, ಇವತ್ತು ಪಾಠ ಮಾಡ್ಬೇಡಿ."

"ಊರಿಗೆ ಮಾತು ಕೊಟ್ಟಿದೀನಿ."

"ಕೊಡ್ಲೇಬೇಕು. ಊರಿಗೆ ಮಾತು ಕೊಡದೆ ಯಾರು ಗೆದ್ದಿದಾರೆ? ಆದ್ರೆ ಬಾವುಟ ಏರ್ತಿರೋ ಹೊತ್ತಲ್ಲಿ ಮನೆಯವ್ರೇ ಹಗ್ಗ ಜಗ್ಗಬಾರ್ದು."

"ಆ ಕಾವಲು ಬೇಕು ಅಂದೋರಲ್ಲಿ ನೀವೂ ಒಬ್ರಂತೆ."

ಮೊಕೊಟೇಡಿ ನಕ್ಕ. "ಯಾರೋ ಒಬ್ರು ದನ ಸಾಕ್ಬೇಕಲ್ಲ. ಬರೀ ಹಾಡು ಹೇಳ್ಕೊಂಡು ದೇಶ ಬದುಕುತ್ತಾ?"

ಬಿಸ್ಕತ್ತನ್ನು ಆ ಮುಖದ ಮೇಲೆ ಎಸೆಯಬೇಕಿತ್ತು. ಓತ್ಸಿಲೆ ತಿಂದ. ತಿಂದು, ಕೋಟಿನ ಮೇಲೆ ಬಿದ್ದ ಪುಡಿಯನ್ನು ಕೊಡವಿಕೊಂಡ.

ಈಗ ಸಭಾಧ್ಯಕ್ಷ ಕನ್ನಡಕ ತೆಗೆದು, ಈ ಕಲಮಿನ ಮೇಲೆ ಮಾತಾಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ. ವಿರೋಧ ಪಕ್ಷದ ಬೆರಳೆಣಿಕೆಯ ಸದಸ್ಯರು ಬೇರೇನಕ್ಕೋ ಜಗಳವಾಡಿ ಆಗಲೇ ಹೊರನಡೆದಿದ್ದರು. ಓತ್ಸಿಲೆಯ ಎದೆ ಸಿಟ್ಟಿನಿಂದ ಸುಡುತ್ತಿತ್ತು. ಕಲಮು ಓದಿದವನ ಮೇಲೆ ಸಿಟ್ಟು, ನುಣ್ಣಗೆ ಕ್ಷೌರ ಮಾಡಿಕೊಂಡು ಕೂತ ಮಂತ್ರಿಗಳ ಮೇಲೆ ಸಿಟ್ಟು, ಇಂಥ ಕಳ್ಳತನಕ್ಕೆ ಇಷ್ಟು ಒಳ್ಳೆಯ ಕಾಗದ ಒದಗಿಸಿದವರ ಮೇಲೆ ಸಿಟ್ಟು. ಅದು ನಿಜವಾದ ಸಿಟ್ಟು. ಆದರೆ ಕೂತವನ ಸಿಟ್ಟು. ತಾನು ಎದ್ದು ಮಾತಾಡುತ್ತಿರುವುದನ್ನು, ಕೈ ಎತ್ತುವುದನ್ನು, ದನಿ ನಡುಗುವುದನ್ನು ಅವನು ಕೂತಲ್ಲಿಂದಲೇ ಸ್ಪಷ್ಟವಾಗಿ ನೋಡಿದ. ಭಾಷಣ ಚೆನ್ನಾಗಿತ್ತು. ಅದು ಮುಗಿಯುವಷ್ಟರಲ್ಲಿ ಸಭಾಧ್ಯಕ್ಷ, ಹೌದು ಎನ್ನುವವರೆಷ್ಟು ಎಂದು ಕೇಳಿಯಾಗಿತ್ತು. ಇಲ್ಲ ಎನ್ನುವವರು? ಫ್ಯಾನು ತಿರುಗುವ ಸದ್ದು.

ಸುಮ್ಮನಿದ್ದವರೆಲ್ಲ ಒಪ್ಪಿದವರು ಎಂಬುದು ಇಲ್ಲಿಯ ರೂಢಿ. ಕಲಮು ಪಾಸಾಯಿತು.

ಮುಂದಿನ ವಿಷಯ, ಸ್ವಾತಂತ್ರ್ಯದ ದಿನ ಹೊರದೇಶದ ಅತಿಥಿಗಳು ಕೂರುವ ಕುರ್ಚಿಗಳಿಗೆ ಮೆತ್ತೆ ಹಾಕಿಸಬೇಕೇ ಬೇಡವೇ ಎಂಬುದು. ಇದರ ಮೇಲೆ ಬಹಳ ಜನ ಮಾತಾಡಿದರು. ಏನಾಗುತ್ತಿದೆಯೆಂದು ತಿಳಿಯುವ ಮೊದಲೇ ಓತ್ಸಿಲೆಯೂ ಎದ್ದು ನಿಂತಿದ್ದ. ಬಡದೇಶದ ಮರ್ಯಾದೆ ಮೆತ್ತೆಯಲ್ಲಿಲ್ಲ, ಮರದ ಕುರ್ಚಿಯೇ ಸಾಕು ಎಂದ. ಒಳಗಿದ್ದ ಸಿಟ್ಟೆಲ್ಲ ಆ ಮಾತಿಗೆ ಬಂದು ಕೂಡಿತು. ದನಿ ನಡುಗಿತು, ಕೈ ತಾನಾಗಿ ಮೇಲೆದ್ದಿತು. ಸದಸ್ಯರು ಮೇಜು ಬಡಿದರು. ಮೊಕೊಟೇಡಿ ಎಲ್ಲರಿಗಿಂತ ಜೋರಾಗಿ ಬಡಿದ.

ಸಭೆ ಎದ್ದ ಮೇಲೆ ಹಿರಿಯರು ಹೊರಗೆ ಮುಳ್ಳುಮರದ ಅಡಿ ಹುಳಿ ಅಂಬಲಿ ಕುಡಿಯುತ್ತಿದ್ದರು. ಹಿಂಬಾಗಿಲಿನಿಂದ ಹೋಗಿಬಿಡಬಹುದಿತ್ತು. ಓತ್ಸಿಲೆ ಅವರ ಬಳಿಗೆ ಹೋದ. ಬೈಯಲಿ, ಉಗಿಯಲಿ, ಅದಾದರೂ ಒಂದು ನಿಜವಾದ ಸಂಗತಿ.

ಟೀರೋ ಮಾವ ಎದ್ದು ಅವನ ಎರಡೂ ಕೈ ಹಿಡಿದುಕೊಂಡ.

"ಭಲೇ ಅಳಿಯಾ. ನಂಗೆ ಮಾತು ತಿಳೀಲಿಲ್ಲ. ಆದ್ರೆ ನಮ್ಮೂರ ಹೆಸರು ಬಂದಾಗ ನೀ ಬಾಯಿ ಬಿಗಿ ಹಿಡ್ದಿದ್ದು ಕಂಡೆ."

ಊರಿನ ಖೋಟ್ಲಾದ ರೂಢಿ ಬೇರೆ. ಮಾತು ಯಾರಿಗೆ ತಾಕುತ್ತದೋ ಅವನು ಬಾಯಿ ಬಿಡದೆ ಕೂತರೆ ಒಡೆಯ ಕೊನೆಯ ಮಾತು ಹೇಳುವಂತಿಲ್ಲ. ಒಡೆಯ ಹೇಳದೆ ಜನ ಒಪ್ಪಿಗೆಯ ಗುರುತಾಗಿ ‘ಮಳೆ, ಮಳೆ’ ಎಂದು ಕೂಗಿ ಏಳುವಂತಿಲ್ಲ. ಅವನು ಬಾಯಿ ತೆರೆಯುವ ತನಕ ವಿಷಯ ಇದ್ದಲ್ಲೇ ಇರುತ್ತದೆ, ವರ್ಷವಾದರೂ. ಇವತ್ತು ಯಾರೂ ಮಳೆಯನ್ನು ಕೂಗಲಿಲ್ಲ. ಆ ಕೂಗಿಗಾಗಿಯೇ ಮೂವರೂ ಕಿವಿಗೊಟ್ಟು ಕೂತಿದ್ದರು.

"ಮಾವ, ಇಲ್ಲಿ ಹಂಗಲ್ಲ..."

"ಎಲ್ಲಾದ್ರೂ ಮಾತು ಮಾತೇ ಕಣೋ. ಆಮೇಲೆ ಎದ್ದು ಅದೇನೋ ಅಂದೆ, ಎಲ್ರೂ ಮೇಜು ಬಡಿದ್ರು?"

"ಅದು ಬೇರೆ ವಿಷಯ."

"ಬೇರೆ ವಿಷ್ಯಕ್ಕೇ ಅಷ್ಟು ಮರ್ಯಾದೆ ಕೊಡೋರು, ನಮ್ಮ ಬಾವಿಗೆ ಕೊಡ್ದೆ ಇರ್ತಾರಾ?" ಮಾವ ಜೊತೆಯವರತ್ತ ತಿರುಗಿದ. "ನಾಳೆಯಿಂದ್ಲೇ ಮಂದೆ ಪೂರ್ತಿ ಕಾವಲಿಗೆ ಹೊಡೀರಿ. ನಮ್ಮೋನು ಸಭೆ ಹಿಡ್ದು ನಿಲ್ಸಿದಾನೆ."

ಓತ್ಸಿಲೆ ನಾಲಗೆಯಿಂದ ತುಟಿ ಒದ್ದೆ ಮಾಡಿಕೊಂಡ. ಮಾವ ಇಷ್ಟು ಹೆಮ್ಮೆಯಿಂದ ಅವನನ್ನು ನೋಡಿದ್ದು, ಅವನು ಓದಿ ಮುಗಿಸಿ ಬಂದ ದಿನವೂ ಅಲ್ಲ, ಗೆದ್ದ ದಿನವೂ ಅಲ್ಲ, ಇವತ್ತು.

ಸಭಾಭವನದ ಪಕ್ಕದ ಉಗ್ರಾಣದಿಂದ ಲಾರಿಯೊಂದು ರಸ್ತೆಗೆ ಬಂತು. ಟೀರೋ ಮಾವ ಕೋಲು ಎತ್ತಿ ನಿಲ್ಲಿಸಿದ. ಲೆಟ್ಲಾಪೆಂಗ್ ದಾಟಿಯೇ ಹೋಗುವುದು, ಹತ್ತಿಕೊಳ್ಳಿ ತಾತ, ಎಂದ ಡ್ರೈವರ್. ಹಿಂದೆ ಕಬ್ಬಿಣದ ಕಂಬಗಳು, ಅವುಗಳ ಮೇಲೆ ಮುಳ್ಳುತಂತಿಯ ಸುರುಳಿಗಳು. ಓತ್ಸಿಲೆ ಕಿಟಕಿಯ ಹತ್ತಿರ ಹೋಗಿ ದನಿ ತಗ್ಗಿಸಿ, ಇದೆಲ್ಲ ಎಲ್ಲಿಗೆ ಎಂದು ಕೇಳಿದ.

"ಮೂಡಣ ಕಾವಲಿನ ಬೇಲಿಗೆ, ಸಾರ್. ಮೊನ್ನೇನೇ ತುಂಬಿಸಿಟ್ಟಿದ್ರು. ಸಭೆ ಏಳೋ ತನಕ ಕಾಯಿ ಅಂದಿದ್ರು."

ಮೊನ್ನೆ. ಅವನು ಊರಿಗಾಗಿ ಇಂಗ್ಲಿಷ್ ವಾಕ್ಯಗಳನ್ನು ತಿದ್ದುತ್ತಿದ್ದಾಗ ಇವರು ಕಂಬ ಹೇರುತ್ತಿದ್ದರು. ಅವನು ಎದ್ದಿದ್ದರೂ ಈ ಲಾರಿ ಹೊರಡುತ್ತಿತ್ತು. ಈ ಯೋಚನೆಯಿಂದ ಒಂದು ಕ್ಷಣ ಸಮಾಧಾನವಾಯಿತು. ಆ ಸಮಾಧಾನಕ್ಕೆ ನಾಚಿ ಅವನು ಕಿಟಕಿಯಿಂದ ಹಿಂದೆ ಸರಿದ.

"ಒಳ್ಳೇ ತಂತಿ," ಎಂದು ಮಾವ ಒಂದು ಸುರುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. "ಯಾವನೋ ಸಾವ್ಕಾರಂದು ಇರ್ಬೇಕು. ಹಿಡ್ಕೊ ಅಳಿಯಾ, ಹತ್ತಿಸು."

ಓತ್ಸಿಲೆ ಕಂಕುಳಿಗೆ ಕೈ ಕೊಟ್ಟು ಹತ್ತಿಸಿದ. ಮಾವನ ಮೈ ಒಣಗಿದ ತೊಗಲಿನ ಹಾಗೆ ಹಗುರವಿತ್ತು. ಉಳಿದಿಬ್ಬರನ್ನೂ ಹತ್ತಿಸಿದ. ಮೂವರೂ ಸುರುಳಿಗಳ ಮೇಲೆ ಕಂಬಳಿ ಹಾಸಿ, ಅವನ ಕಡೆ ಮುಖ ಮಾಡಿ ಕೂತರು.

ಲಾರಿ ಹೊರಟಿತು. ಓತ್ಸಿಲೆ ಹಿಂದೆಯೇ ನಾಲ್ಕು ಹೆಜ್ಜೆ ಓಡಿ ಬಾಯಿ ತೆರೆದ.

ಟೀರೋ ಮಾವ ಅದನ್ನು ಕಂಡ. ಬೇಡ ಬೇಡ ಎಂದು ತಲೆಯಾಡಿಸಿ, ನಗುತ್ತ, ತುಟಿಯ ಮೇಲೆ ಬೆರಳಿಟ್ಟ. ಗುಟ್ಟು ತಿಳಿದವರಂತೆ ಉಳಿದಿಬ್ಬರೂ ಇಟ್ಟುಕೊಂಡರು. ಕೆಂಧೂಳು ಎದ್ದು ಮುಸುಕುವ ತನಕ ಕಾಣುತ್ತಿತ್ತು: ಮುಚ್ಚಿದ ಮೂರು ಬಾಯಿ, ಅವುಗಳ ಅಡಿಯಲ್ಲಿ ಲಾರಿಯ ತುಂಬ ತಂತಿ, ಊರಿನ ಕಡೆಗೆ.