ಕ್ಯಾಂಪಿನ ಅಕ್ಕೋರು

ಚಟ್ಟದ ಬಿದಿರಿಗೆ ಹಗ್ಗ ಸುತ್ತುತ್ತಿದ್ದ ಪ್ರಲ್ಹಾದ ಇನ್ನೊಂದು ಗಂಟು ಬಿಗಿಯುವಷ್ಟರಲ್ಲಿ ಹಲವು ಬಾಡಿಗೆ ಮನೆಗಳಿದ್ದ ವಾಡೆಯ ದೊಡ್ಡ ಬಾಗಿಲ ಕಡೆ ಗದ್ದಲವೆದ್ದಿತು. ವಾಡೆಯ ಮಾಲೀಕ ಮರಾಠಿಯಲ್ಲಿ ಯಾರನ್ನೋ ಗದರಿಸುತ್ತಿದ್ದ. ಅಲ್ಲೇ ನಿಲ್ಲಿ, ಒಳಗೆ ಕಾಲಿಡಬೇಡಿ ಎನ್ನುತ್ತಿದ್ದ. ಅದಕ್ಕೆ ಉತ್ತರ ಮಾತ್ರ ಅಚ್ಚ ಧಾರವಾಡ ಸೀಮೆಯ ಕನ್ನಡದಲ್ಲಿ ಬಂತು.

"ಒಳಗ ಬರೂದಿಲ್ರೀ ಯಪ್ಪಾ. ಇಲ್ಲೇ ನಿಂದರ್ತೇವಿ. ಅಕ್ಕೋರ ಮುಖ ಒಮ್ಮೆ ದೂರಿಂದ ನೋಡ್ತೇವ್ರಿ."

ಪ್ರಲ್ಹಾದನ ಕೈ ನಿಂತಿತು. ಅವನ ಅಕ್ಕ ಕೃಷ್ಣಾಬಾಯಿ ನಡುಮನೆಯಲ್ಲಿ ದರ್ಭೆಯ ಮೇಲೆ ಮಲಗಿದ್ದಳು. ವಾರವೂ ತುಂಬದ ಜ್ವರ ನಸುಕಿನಲ್ಲಿ ಅವಳನ್ನು ಕರೆದೊಯ್ದಿತ್ತು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತಮ್ಮನ ಜತೆ ಪುಣೆಗೆ ಬಂದವಳು. ಬಂದು ಸುಮ್ಮನೆ ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯಲಿಲ್ಲ. ಬ್ರಿಟಿಷ್ ದಂಡಿನ ಕ್ಯಾಂಪಿನ ಒಂದು ಸಣ್ಣ ಶಾಲೆಯಲ್ಲಿ ಹುಡುಗರಿಗೆ ಇಂಗ್ಲಿಷ್ ಶಬ್ದ ಹೇಳಿಕೊಡುವ ಅಕ್ಕೋರಾದಳು. ಗೋರಾ ಸಾಹೇಬರ ಕುದುರೆ ತೊಳೆಯುವವರ, ಬೂಟು ಒರೆಸುವವರ, ಅಡಿಗೆ ಮಾಡುವವರ ಮಕ್ಕಳ ಶಾಲೆ ಅದು. ಅವರಲ್ಲಿ ಹೆಚ್ಚಿನವರು ಊರಿನವರು ಮುಟ್ಟಬಾರದೆಂದು ದೂರ ಇಟ್ಟ ಜನ.

"ಯಾರಂತ?" ಎಂದರು ಬಿಂದುಮಾಧವರಾಯರು, ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ. ಪ್ರಲ್ಹಾದನ ಮಗಳು ಸುಲಭಾಳನ್ನು ತಮ್ಮ ಮಗನಿಗೆ ತಂದುಕೊಳ್ಳಲಿದ್ದ ಬೀಗರು ಅವರು. ನಿಶ್ಚಯ ಮುಗಿದಿತ್ತು, ಮದುವೆ ಬಾಕಿ. ಪುಣೆಯಲ್ಲಿದ್ದ ಹತ್ತಾರು ಕನ್ನಡ ಬ್ರಾಹ್ಮಣ ಮನೆಗಳಲ್ಲಿ ಅವರ ಮಾತು ಮೀರುವ ಗಂಡಸು ಹುಟ್ಟಿರಲಿಲ್ಲ.

"ಕ್ಯಾಂಪಿನವ್ರು. ಅಕ್ಕನ ಸಾಲಿ ಮಂದಿ."

"ನೋಡ್ಲಿ, ಹೋಗ್ಲಿ. ಹೆಗಲ ಕೊಡ್ಲಿಕ್ಕೆ ನಾವು ನಾಕ ಮಂದಿ ಅದೇವಿ. ಭಟ್ಟರೂ ಬಂದಾರ. ಆದರ ಪ್ರಲ್ಹಾದರಾಯರ, ಆ ಮಂದಿ ನೆರಳು ಸುದ್ದಾ ಚಟ್ಟದ ಮ್ಯಾಲೆ ಬೀಳಬಾರದು. ಇದ್ದಾಗ ಮಾಡಿದ್ದು ಮಾಡಿದ್ರು. ಹೋಗೂ ಮುಂದರೆ ಮಡೀಲೆ ಹೋಗ್ಲಿ."

ಪ್ರಲ್ಹಾದ ಹೂಂ ಎಂದು ಬಾಗಿಲಿಗೆ ನಡೆದ. ಅವನು ಯಾವಾಗಲೂ ಹೂಂ ಎನ್ನುವವನೇ. ಮಿಲಿಟರಿ ಲೆಕ್ಕಪತ್ರದ ಕಚೇರಿಯ ಗುಮಾಸ್ತನಿಗೆ ಅದೊಂದು ಅಕ್ಷರ ಬಂದರೆ ಸಂಸಾರ ಸಾಗುತ್ತದೆ.

ಬಾಗಿಲಾಚೆ ಬಿಸಿಲಲ್ಲಿ ಗಂಡಸರು ಕೆಲವರು, ಅವರ ಹಿಂದೆ ಹೆಂಗಸರು, ಮಕ್ಕಳು ನಿಂತಿದ್ದರು. ಮುಂದಿದ್ದವನು ತಲೆಯ ಪಟಕಾ ತೆಗೆದು ಕಂಕುಳಲ್ಲಿ ಹಿಡಿದಿದ್ದ.

"ನಾ ಫಕೀರಪ್ಪರೀ ರಾಯರ. ಸಾಹೇಬರ ಕುದುರಿ ಲಾಯದಾಗ ಇರ್ತೇನಿ. ನನ್ನ ಮಗಳು ಅಕ್ಕೋರ ಕೈಯಾಗ ಕಲತಾಳ. ಒಂದ ಕೇಳೂದಿತ್ತು. ಬ್ಯಾಡಂದ್ರ ಬ್ಯಾಡ್ರಿ. ಅಕ್ಕೋರನ್ನ ನಾವೂ ಒಂದೀಟು ಹೊರಬೇಕಂತೇವಿ. ಓಣಿ ದಾಟಿದ ಮ್ಯಾಲೆ, ಮಂದಿ ಇಲ್ಲದಲ್ಲೆ. ನಾಕ ಹೆಜ್ಜಿ ಆದ್ರೂ ಸಾಕ್ರಿ."

ಪ್ರಲ್ಹಾದನಿಗೆ ಹೂಂ ಎನ್ನಲಾಗಲಿಲ್ಲ. ಊಹೂಂ ಎನ್ನಲೂ ಆಗಲಿಲ್ಲ.

* * *

ಶಾಲೆಗೆ ಸೇರಿದ ಹೊಸದರಲ್ಲಿ ಕೃಷ್ಣಾಬಾಯಿಗೆ ಒಂದು ಪುಸ್ತಕ ಕೊಟ್ಟಿದ್ದರು. ಮೊದಲ ಪುಟದಲ್ಲಿ ಸಿಂಹ, ಎರಡನೆಯದರಲ್ಲಿ ಹಡಗು. ಅವಳು ಅದನ್ನು ತಮ್ಮನ ಮುಂದೆ ಹಿಡಿದು, "ಈ ಹುಡುಗೂರು ಸಿಂಹ ಕಟಗೊಂಡು ಏನ್ ಮಾಡ್ಯಾರೋ ಪ್ರಲ್ಹಾದಾ?" ಎಂದು ನಕ್ಕಿದ್ದಳು. ಮರುದಿನ ಪುಸ್ತಕ ಪಕ್ಕಕ್ಕಿಟ್ಟು ಮಕ್ಕಳನ್ನು ಕೇಳಿದಳಂತೆ, ನಿಮ್ಮಪ್ಪ ನಿನ್ನೆ ಕೆಲಸದಾಗ ಏನೇನು ಹಿಡಿದಿದ್ದಾ ಹೇಳ್ರಿ. ಲಗಾಮು ಎಂದಿತು ಒಂದು. ಇಸ್ತ್ರಿ ಎಂದಿತು ಇನ್ನೊಂದು. ಬುಟ್ಟಿ, ಬ್ರಷ್ಷು, ಸಾಹೇಬನ ಟೊಪ್ಪಿಗೆ. ಅವಳ ಪಾಠದ ಪುಸ್ತಕ ಅಂದಿನಿಂದ ಅದೇ.

ಅವಳಿಗೂ ಎಲ್ಲ ಎಲ್ಲಿ ಬರುತ್ತಿತ್ತು? ತಮ್ಮ ಮ್ಯಾಟ್ರಿಕ್ಕಿಗೆ ಬಾಯಿಪಾಠ ಮಾಡುವಾಗ ಒಲೆಯ ಮುಂದೆ ಕುಳಿತು ಕೇಳಿಸಿಕೊಂಡ ಇಂಗ್ಲಿಷು, ಆಮೇಲೆ ವಿಧವೆಯರಿಗೆಂದು ನಡೆಯುತ್ತಿದ್ದ ತರಗತಿಯಲ್ಲಿ ಕಲಿತದ್ದು ಅಷ್ಟಿಷ್ಟು. ಸಂಜೆ ಮನೆಗೆ ಬಂದವಳೇ ಪ್ರಲ್ಹಾದನ ಬೆನ್ನು ಹತ್ತುತ್ತಿದ್ದಳು.

"ಕುದುರಿ ಹೊಟ್ಟಿಗೆ ಪಟ್ಟಾ ಬಿಗೀತಾರಲ್ಲ, ಅದಕ್ಕ ಇಂಗ್ಲಿಷಿನಾಗ ಏನಂತಾರೋ?"

"ನನಗೇನ ಗೊತ್ತು? ನಾ ಏನ ಕುದುರಿ ಮ್ಯಾಲೆ ಕಚೇರಿಗೆ ಹೋಗ್ತೇನೇನು?"

"ನಿಮ್ಮ ಸಾಹೇಬಗ ಕೇಳು."

ಕೇಳಿದ. ಸಾಹೇಬ ಹೊಟ್ಟೆ ಹಿಡಿದು ನಕ್ಕು, ಬಾಬು ಕುದುರೆ ಕೊಳ್ಳುವವನಿದ್ದಾನೆ ನೋಡಿ ಎಂದು ಇಡೀ ಕಚೇರಿಗೆ ಸಾರಿದ. ಅವಮಾನದಿಂದ ಕಿವಿ ಕೆಂಪಾದರೂ ಪ್ರಲ್ಹಾದ ಶಬ್ದ ತಂದ. ಗರ್ಥ್. ಕೃಷ್ಣಾಬಾಯಿ ಅವರೆಕಾಯಿ ಬಿಡಿಸುತ್ತ ರಾತ್ರಿಯೂಟದವರೆಗೆ ಗರ್ಥ್, ಗರ್ಥ್ ಎಂದು ನಾಲಗೆ ಪಳಗಿಸಿದಳು.

ಅಡಿಗೆಯವರ ಮಕ್ಕಳಿಗೆ ಎಗ್ ಎಂದೂ ಮಟನ್ ಎಂದೂ ಹೇಳಿಕೊಡಬೇಕಾಯಿತು. ಅದು ಬಿಂದುಮಾಧವರಾಯರ ತನಕ ಹೋಯಿತು. ಬೋಳುತಲೆಯ ಮಡಿಹೆಂಗಸು ಏಕಾದಶಿಯ ದಿನ ಮಟನ್ ಮಟನ್ ಎಂದು ಕೂಗುತ್ತಾಳಂತೆ ಎಂದು ಅವರು ಬಂದು ಕೇಳಿದರು. "ಅಂದ್ರೇನಾಗ್ತದ್ರಿ? ತಿಂದ್ರ ಮೈಲಿಗಿ," ಎಂದು ಅವಳು ಒಳಗೆ ಹೋದಳು.

ಹಾಗೆಂದು ಅವಳೇನು ದೇವತೆಯಲ್ಲ. ಮಕ್ಕಳು ಪಾಟಿಯನ್ನು ನೆಲದ ಮೇಲಿಟ್ಟು ಹಿಂದೆ ಸರಿದ ಮೇಲೆ ಅವಳು ಎತ್ತಿಕೊಳ್ಳುತ್ತಿದ್ದಳು. ದಿನವಿಡೀ ಕೂಗಿ ಗಂಟಲು ಹರಿದರೂ ಆ ಶಾಲೆಯಲ್ಲಿ ಒಂದು ಹನಿ ನೀರು ಮುಟ್ಟುತ್ತಿರಲಿಲ್ಲ. ಮಕ್ಕಳಿಗೆ ಅದು ಗೊತ್ತಿತ್ತು, ಮಕ್ಕಳ ಅಪ್ಪಂದಿರಿಗೂ ಗೊತ್ತಿತ್ತು. ಪ್ರಲ್ಹಾದನಿಗೆ ಅದನ್ನು ನೆನೆದಾಗೆಲ್ಲ ನಾಚಿಕೆಯಾಗುತ್ತಿತ್ತು. ಆದರೆ ಅವನೂ ಅದೇ ಮನೆಯವನು, ಏನು ಹೇಳಿಯಾನು?

* * *

"ಅವ್ರು ಏನ ಕೇಳ್ತಾರ?" ಹೆಂಡತಿ ಗೋದಾ ಅವನ ಅಂಗವಸ್ತ್ರ ಹಿಡಿದು ಗೋಡೆಯ ಮರೆಗೆ ಎಳೆದಿದ್ದಳು. ಅವನು ಹೇಳಿದ. ಅವಳ ಮುಖ ಬಿಳಿಚಿತು.

"ನಿಮ್ಮ ಕಾಲ ಬೀಳ್ತೇನಿ. ನಿಮ್ಮಕ್ಕ ಹೋದ್ರು. ಹೋದವ್ರಿಗೆ ಯಾರ ಹೆಗಲಾದ್ರೇನು? ಮಗಳು ಇರಾಕಿ. ಆಕೀ ಬಾಳ್ವೆ ನೋಡ್ರಿ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ಪ್ರಲ್ಹಾದನನ್ನು ಹಿಂಡಿತು. ಬಿಂದುಮಾಧವರಾಯರಿಗೂ ಕೇಳಿಸಿತ್ತು. ಅವರು ದನಿ ಏರಿಸಲಿಲ್ಲ. ದೊಡ್ಡವರಿಗೆ ಅದರ ಅಗತ್ಯ ಬೀಳುವುದಿಲ್ಲ.

"ಪ್ರಲ್ಹಾದರಾಯರ, ಅವರು ಕೈ ಹಚ್ಚಿದ್ರ ನಾವು ಎದ್ದು ಹೋಗ್ತೇವಿ. ಭಟ್ಟರೂ ಬರ್ತಾರ ನಮ್ಮ ಜೋಡಿ. ಮುಂದ ನಿಮ್ಮ ಮನ್ಯಾಗ ಹೆಣ್ಣು ತರೂದು, ಕೊಡೂದು ಯಾವದೂ ಇಲ್ಲ. ನಾ ಹೇಳಬೇಕಾಗಿಲ್ಲ. ನಿಮ್ಮ ಅಕ್ಕನ್ನಽ ಕೇಳ್ರಿ. ಆಕೀ ಮಡಿ ಎಂಥಾದಿತ್ತು, ನಿಮಗ ಗೊತ್ತಿಲ್ಲೇನು?"

ಬಾಗಿಲಾಚೆಯಿಂದ ಫಕೀರಪ್ಪ ಎಲ್ಲ ಕೇಳಿಸಿಕೊಂಡಿದ್ದ. "ಬ್ಯಾಡ್ರಿ ರಾಯರ," ಎಂದ. "ಕೇಳಬಾರದಿತ್ತು, ತಪ್ಪಾತು. ಏನಂದ್ರ, ಮೊದಲೆಲ್ಲಾ ಸಾಹೇಬ ಒಂದ ಕೇಳಿದ್ರ ನಾ ಒಂದ ಒಯ್ತಿದ್ದೆ. ಬೂಟಿನ್ಲೆ ಎದಿಗೆ ಒದೀತಿದ್ದ. ಸಾಲ್ಯಾಗ ಕಲತದ್ದನ್ನ ನನ್ನ ಮಗಳು ರಾತ್ರಿ ನನಗ ಹೇಳಿಕೊಟ್ಲು. ಜೀನು, ಲಗಾಮು, ಹೊಟ್ಟಿಪಟ್ಟಾ, ಎಲ್ಲಾ. ಒದಿ ನಿಂತೂವು. ಅದಕ್ಕ ಕೇಳಿದೆ, ಅಷ್ಟಽ."

* * *

ಅಕ್ಕನನ್ನೇ ಕೇಳಿರಿ ಎಂದಿದ್ದರು ಬಿಂದುಮಾಧವರಾಯರು. ಕೇಳಬೇಕಾಗಿರಲಿಲ್ಲ. ಹೋದ ಬೇಸಗೆಯಲ್ಲಿ ಅವಳೇ ಹೇಳಿದ್ದಳು.

ಆ ಸಂಜೆ ಕೃಷ್ಣಾಬಾಯಿ ಮನೆಗೆ ಬಂದವಳು ಎಂದಿನಂತೆ ಮೈಲಿಗೆ ಕಳೆಯಲು ಬಚ್ಚಲಿಗೆ ಹೋಗದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಪ್ರಲ್ಹಾದ ಆಗತಾನೇ ಕಚೇರಿಯಿಂದ ಬಂದು ಕೋಟು ಬಿಚ್ಚುತ್ತಿದ್ದ. ಗೋದಾ ಗುಡಿಗೆ ಹೋಗಿದ್ದಳು.

"ಇವತ್ತ ಪಾಠ ಹೇಳೂ ಮುಂದ ಕೆಮ್ಮು ಬಂತು ನೋಡು. ನಿಲ್ಲವಲ್ದು. ಕಣ್ಣ ಕತ್ತಲಿ ಬಂದ್ವು. ಹುಡುಗೂರು ಎಲ್ಲಾ ನನ್ನ ಮುಖಾ ನೋಡ್ತಾವ, ಒಂದೂ ಹತ್ರ ಬರವಲ್ದು. ಬರಬಾರದಂತ ನಾನೇ ಕಲಿಸೇನಲ್ಲ?"

"ಆಮ್ಯಾಲೆ?"

"ಒಂದ ಹುಡುಗಿ ತಂಬಿಗಿ ತಂದು ದೂರ ಇಟ್ಟು ಹಿಂದ ಸರೀತು. ಕುದುರಿ ಫಕೀರಪ್ಪನ ಮಗಳು. ಕುಡೀರಿ ಅನ್ಲಿಲ್ಲ. ಅಳ್ಕೋತ ನಿಂತಿತ್ತು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಕುಡದೆ ಪ್ರಲ್ಹಾದಾ. ತಂಬಿಗಿ ಖಾಲಿ ಆಗೂತನಾ ಕುಡದೆ."

ಅವನು ಬಿಚ್ಚಿದ ಕೋಟನ್ನು ಗೂಟಕ್ಕೆ ಹಾಕಿದ. ಪ್ರಾಯಶ್ಚಿತ್ತದ ಬಗ್ಗೆ ಭಟ್ಟರನ್ನು ಕೇಳಲೇ ಎಂದ. ಕೇಳಿದ ಮೇಲೆ ತಾನೆಂಥ ಮೂರ್ಖ ಎನಿಸಿತು.

ಕೃಷ್ಣಾಬಾಯಿ ಸಿಟ್ಟಾಗಲಿಲ್ಲ. "ಯಾವುದಕ್ಕ? ಇವತ್ತ ಕುಡದದ್ದಕ್ಕೋ, ಇಷ್ಟ ದಿನಾ ಕುಡೀಲಾರದ್ದಕ್ಕೋ?" ಎಂದು ಎದ್ದಳು. ಆ ದಿನ ಅವಳು ಸ್ನಾನ ಮಾಡದೆ ಎಲೆಯ ಮುಂದೆ ಕುಳಿತಳು. ಊಟ ಬಡಿಸುತ್ತಿದ್ದ ಗೋದಾಳಿಗೆ ಅದು ತಿಳಿಯಲೇ ಇಲ್ಲ. ತಿಳಿದದ್ದು ಪ್ರಲ್ಹಾದನೊಬ್ಬನಿಗೆ. ಅವನು ತಲೆ ತಗ್ಗಿಸಿ ಉಂಡ.

* * *

ಅಂಗಳದಲ್ಲಿ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅಕ್ಕ ಏನು ಬಯಸುತ್ತಿದ್ದಳೆಂದು ಅವನಿಗೆ ಗೊತ್ತಿತ್ತು. ಆದರೆ ಅದರ ಬೆಲೆ ತೆರಬೇಕಾದವನು ಅವನಲ್ಲ. ಅವನು ನಡುಮನೆಯ ಕಡೆ ನೋಡಿದ.

ಸುಲಭಾ ಅತ್ತೆಯ ಕಾಲ ಹತ್ತಿರ ಕುಳಿತಿದ್ದಳು. ಎಲ್ಲ ಮಾತೂ ಅವಳಿಗೆ ಕೇಳಿಸಿತ್ತು. ನಿಶ್ಚಯದ ದಿನ ಬೀಗರು ತೊಡಿಸಿದ ಪಾಟಲಿ ಬಳೆಗಳನ್ನು ಅವಳು ಕೈಯಿಂದ ಎಳೆಯುತ್ತಿದ್ದಳು. ಅವು ಬಿಗಿಯಾಗಿದ್ದವು. ಮಣಿಕಟ್ಟು ಕೆಂಪಾಗಿ ಒಂದು ಕಡೆ ತೊಗಲು ಕಿತ್ತಿತ್ತು. ಎರಡನ್ನೂ ತೆಗೆದು ಹೊರಗೆ ಬಂದು, ಬಿಂದುಮಾಧವರಾಯರ ಮುಂದಿದ್ದ ಕಟ್ಟೆಯ ಮೇಲಿಟ್ಟಳು. ಆಮೇಲೆ ಅಪ್ಪನನ್ನು ನೋಡಿದಳು.

"ಸುಲ್ಲೂ!" ಎಂದು ಗೋದಾ ಚೀರಿದಳು.

ಪ್ರಲ್ಹಾದನಿಗೆ ಮಗಳನ್ನು ತಬ್ಬಿಕೊಂಡು ಅತ್ತುಬಿಡಬೇಕೆನಿಸಿತು. ಆದರೆ ಅವನು ಬಾಗಿಲ ಕಡೆ ತಿರುಗಿದ.

"ಫಕೀರಪ್ಪ, ಒಳಗ ಬರ್ರಿ. ಇನ್ನ ಮೂರ ಮಂದೀನ ಕರಕೊಂಡ ಬರ್ರಿ."

ಫಕೀರಪ್ಪ ಅಲುಗಲಿಲ್ಲ. ಇಂಥ ಬಾಗಿಲಲ್ಲಿ ಯಾರೂ ಅವನಿಗೆ ಬರ್ರಿ ಎಂದಿರಲಿಲ್ಲ.

"ಹೊತ್ತಾಗ್ತದ, ಬರ್ರಿ," ಎಂದ ಪ್ರಲ್ಹಾದ ಮತ್ತೊಮ್ಮೆ.

ಬಿಂದುಮಾಧವರಾಯರು ಪಾಟಲಿಗಳನ್ನು ಎತ್ತಿಕೊಂಡು ಎದ್ದರು. ಭಟ್ಟರು ದರ್ಭೆಯ ಕಟ್ಟು ಕಂಕುಳಲ್ಲಿಟ್ಟು ಹಿಂಬಾಲಿಸಿದರು, ಹೆಗಲು ಕೊಡಲು ಬಂದಿದ್ದ ಉಳಿದವರೂ ಹೋದರು. ವಾಡೆಯ ಮಾಲೀಕ, ನಾಳೆಯೇ ಮನೆ ಖಾಲಿ ಮಾಡಬೇಕು ಎಂದು ಮರಾಠಿಯಲ್ಲಿ ಕೂಗಿ ತನ್ನ ಬಾಗಿಲು ಹಾಕಿಕೊಂಡ. ಗೋದಾ ಕಂಬಕ್ಕೆ ತಲೆಯಿಟ್ಟು ಅತ್ತಳು. ಅತ್ತದ್ದು ಅತ್ತಿಗೆಗಾಗಿ ಅಲ್ಲ, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಸುಲಭಾ ಹೋಗಿ ಅವಳ ಪಕ್ಕದಲ್ಲಿ ನಿಂತಳು.

ಪ್ರಲ್ಹಾದ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಹಿಂದೆ ನಾಲ್ವರು ಚಟ್ಟ ಹೊತ್ತು ಬಂದರು. ಓಣಿಯುದ್ದಕ್ಕೂ ಕಿಟಕಿಗಳು ಮುಚ್ಚಿಕೊಂಡವು. ಯಾರೋ ಮಹಡಿಯಿಂದ ಥೂ ಎಂದರು. ಎಲ್ಲಿಂದಲೋ ಒಂದು ಕಲ್ಲು ಬಂದು ಪ್ರಲ್ಹಾದನ ಕಾಲ ಬಳಿ ಉರುಳಿತು. ಅವನಿಗೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಹಿಂದಿನವರ ಕಾಲಸಪ್ಪಳ ಮಾತ್ರ ಕೇಳಿಸುತ್ತಿತ್ತು. ಅದು ಎಲ್ಲೂ ತಪ್ಪಲಿಲ್ಲ. ಅವರು ಅಕ್ಕನನ್ನು ಅಲುಗದಂತೆ ಒಯ್ಯುತ್ತಿದ್ದಾರೆಂದು ಅವನಿಗೆ ಗೊತ್ತಾಗುತ್ತಿತ್ತು. ಅದರಿಂದಲೇ ಅವನ ಕಾಲು ಮುಂದೆ ಬಿದ್ದವು.

ಮಸಣದಲ್ಲಿ ಮಂತ್ರ ಹೇಳುವವರಿರಲಿಲ್ಲ. ಅಪ್ಪನ ಕಾಲಕ್ಕೆ ಕೇಳಿದ್ದ ನಾಲ್ಕು ಮಾತನ್ನು ಹಿಂದುಮುಂದಾಗಿ ಹೇಳಿ ಪ್ರಲ್ಹಾದ ಬೆಂಕಿ ಇಟ್ಟ. ಕೆಂಪು ಸೀರೆ ಮೊದಲು ಹೊತ್ತಿಕೊಂಡಿತು. ಫಕೀರಪ್ಪ ಬಾಯಿಗೆ ಪಟಕಾ ಒತ್ತಿ ಹಿಡಿದು ಮಗುವಿನ ಹಾಗೆ ಅತ್ತ. ಚಿತೆ ಕುಸಿಯುವವರೆಗೆ ಯಾರೂ ಅಲ್ಲಿಂದ ಕದಲಲಿಲ್ಲ.

ಹೆಣದ ಜತೆ ಬಂದವರೆಲ್ಲ ನದಿಯಲ್ಲಿ ಮುಳುಗಿಯೇ ಮನೆಗೆ ಹೋಗಬೇಕು. ಬೇಸಗೆಯ ಮುಠಾ ನದಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಪ್ರಲ್ಹಾದ ಮೆಟ್ಟಿಲ ಬಳಿ ಮೊಣಕಾಲುದ್ದ ನೀರಿಗೆ ಇಳಿದು ನಿಂತ. ಫಕೀರಪ್ಪ ಮತ್ತು ಉಳಿದವರು ಅಲ್ಲಿ ಇಳಿಯಲಿಲ್ಲ. ಯಾರೂ ಹೇಳದೆ, ದಂಡೆಗುಂಟ ಕೆಳಗೆ ಕೆಳಗೆ ನಡೆದು, ಎಮ್ಮೆ ಮೈ ತೊಳೆಯುವ ಆಳದ ತಿರುವಿನಲ್ಲಿ ನೀರಿಗಿಳಿದರು. ತಮ್ಮನ್ನು ಮುಟ್ಟಿದ ನೀರು ಮೇಲಿದ್ದವರಿಗೆ ತಾಗಬಾರದೆಂದು ಅವರಿಗೆ ಹುಟ್ಟಿದಾಗಿನಿಂದ ಗೊತ್ತು.

ಪ್ರಲ್ಹಾದ ಅವರನ್ನು ನೋಡಿ ನೀರಿನಿಂದ ಹೊರಗೆ ಬಂದ. ಒದ್ದೆ ಧೋತರ ಕಾಲಿಗೆ ತೊಡರುತ್ತಿತ್ತು. ಮರಳಿನ ಮೇಲೆ ನಡೆದು ಅವರಿದ್ದಲ್ಲಿಗೆ ಬಂದು, ಅವರನ್ನೂ ದಾಟಿ ಮುಂದೆ ಹೋಗಿ, ಅವರಿಗಿಂತ ಕೆಳಗೆ ನೀರಿಗಿಳಿದ.

"ರಾಯರ, ಅಲ್ಲೆ ಬ್ಯಾಡ್ರಿ!" ಫಕೀರಪ್ಪ ಗಾಬರಿಯಿಂದ ಕೂಗಿದ. "ನಾವು ಮ್ಯಾಲೆ ಅದೇವಿ. ನಮ್ಮ ನೀರು ನಿಮ್ಮ ಕಡೇನಽ ಬರ್ತದ."

"ಮೈ ತೊಳಕೋರಿ," ಎಂದ ಪ್ರಲ್ಹಾದ. ನೀರು ಅವರ ಮೈಮೇಲಿಂದ ಇಳಿದು ಬಂದು ಅವನ ಎದೆಗೆ ತಾಗಿತು. ಅವನು ಮೂಗು ಹಿಡಿದು ಮುಳುಗಿದ.